ದೀರ್ಘಕಾಲದ ನೋವಿದ್ದವರಿಗೆ ಅಂಗವೈಕಲ್ಯ ಕಾರ್ಡ್, ಪಿಂಚಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೊಂಟ, ಬೆನ್ನು, ಕೀಲು, ನರ ಅಂತ ವರ್ಷಗಟ್ಟಲೆ ನೋವು ತಿನ್ನುತ್ತಿರುವವರು, ಅವರ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕರ್ನಾಟಕದಲ್ಲಿರುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನನಗೂ ಬೆನ್ನುಮೂಳೆಯ ಕಾಯಿಲೆ ಇದೆ, ಕಾರ್ಡ್ ಇದೆ. ಈಗ ಗೊತ್ತಿರುವವರಿಗೆ ಅರ್ಜಿ ಹಾಕಲು ಕೈಜೋಡಿಸುತ್ತೇನೆ. ನಾನು ಡಾಕ್ಟರೂ ಅಲ್ಲ, ವಕೀಲಳೂ ಅಲ್ಲ.

ನೋವು ಇದೆ ಅಂತ ಅಂಗವೈಕಲ್ಯ ಪ್ರಮಾಣಪತ್ರ ಕೊಡುತ್ತಾರಾ?

ಬರೀ ನೋವಿಗೆ ಕೊಡುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ 'ದೀರ್ಘಕಾಲದ ನೋವು' ಅನ್ನುವ ಹೆಸರು ಇಲ್ಲ. ಆದರೆ ನೋವು ತರುವ ಎಷ್ಟೋ ಕಾಯಿಲೆಗಳು ಆ ಪಟ್ಟಿಯ ಯಾವುದಾದರೊಂದು ಬಾಗಿಲಿನಿಂದ ಒಳಗೆ ಬರುತ್ತವೆ. ಅರ್ಜಿ ಹಾಕುವ ಮುಂಚೆ ನಿಮ್ಮ ಬಾಗಿಲು ಯಾವುದು ಅಂತ ಗೊತ್ತುಮಾಡಿಕೊಳ್ಳಿ. ಅರ್ಧ ಜನ ಎಡವುವುದು ಇಲ್ಲೇ.

ನಿಮ್ಮನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಆಸ್ಪತ್ರೆಯ ವೈದ್ಯಕೀಯ ಬೋರ್ಡ್. ಆ ಬೋರ್ಡ್‌ನ ಡಾಕ್ಟರಿಗೆ ನಿಮ್ಮ ನೋವನ್ನು ಅಳೆಯುವ ಕೆಲಸ ಇಲ್ಲ. ಆ ನೋವು, ಆ ಕಾಯಿಲೆ ನಿಮ್ಮ ಕೈ, ಕಾಲು, ಬೆನ್ನಿನಿಂದ ಏನನ್ನು ಕಿತ್ತುಕೊಂಡಿದೆ ಅನ್ನುವುದನ್ನು ಅಳೆಯುತ್ತಾರೆ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ನನ್ನ ಕಾಯಿಲೆ ಯಾವ ವಿಭಾಗಕ್ಕೆ ಬರುತ್ತದೆ?

ರುಮಟಾಯ್ಡ್ ಸಂಧಿವಾತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಸವೆದ ಮಂಡಿ, ಸೊಂಟದ ಕೀಲು, ಮೂಳೆ ಮುರಿದು ಸರಿಯಾಗಿ ಕೂಡದೆ ಉಳಿದ ನೋವು, ಡಿಸ್ಕ್ ಜಾರಿ ಕಾಲಿನ ಶಕ್ತಿ ಕುಂದಿದ್ದು ಇವೆಲ್ಲ ಸಾಮಾನ್ಯವಾಗಿ ಚಲನವಲನದ ಅಂಗವೈಕಲ್ಯದ ಅಡಿ ಹೋಗುತ್ತವೆ. ಆಸ್ಪತ್ರೆಯಲ್ಲಿ 'ಲೋಕೋಮೋಟರ್' ಅಂತಲೋ 'ಆರ್ಥೋ ಕೇಸ್' ಅಂತಲೋ ಅನ್ನುತ್ತಾರೆ.

ಮಲ್ಟಿಪಲ್ ಸ್ಕ್ಲೀರೋಸಿಸ್, ಪಾರ್ಕಿನ್ಸನ್ಸ್ ಇದ್ದವರಿಗೆ ಪಟ್ಟಿಯಲ್ಲಿ ಬೇರೆಯೇ ಹೆಸರಿದೆ. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆಗೂ ಇದೆ. ಸಿಕಲ್ ಸೆಲ್ ವಿಷಯ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಿಗೆ ಮುಟ್ಟಬೇಕು. ಅಲ್ಲಿನ ಆದಿವಾಸಿ ಕುಟುಂಬಗಳಲ್ಲಿ ಈ ಕಾಯಿಲೆ ಇದೆ. ಎದೆ, ಮೂಳೆ ಹಿಂಡುವ ಆ ನೋವನ್ನು 'ಮೈಕೈ ನೋವು' ಅಂದುಕೊಂಡು ಮಾತ್ರೆ ನುಂಗಿ ಮಲಗುವವರು ಎಷ್ಟೋ ಜನ. ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಖಚಿತವಾಗಿದ್ದರೆ ಅದೇ ಹೆಸರಿನಲ್ಲಿ ಅರ್ಜಿ ಹಾಕಬಹುದು, ಮೂಳೆ ಡಾಕ್ಟರ ಬಾಗಿಲು ಕಾಯಬೇಕಿಲ್ಲ.

ಪರ್ಸೆಂಟೇಜ್ ಹೇಗೆ ಲೆಕ್ಕ ಹಾಕುತ್ತಾರೆ?

ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು, 2024ರಲ್ಲಿ ಅದನ್ನು ಪರಿಷ್ಕರಿಸಿತು. ಡಾಕ್ಟರು ಮನಸ್ಸಿಗೆ ಬಂದಷ್ಟು ಬರೆಯುವ ಹಾಗಿಲ್ಲ, ಕೋಷ್ಟಕ ಇದೆ.

ಕಾಲಿನ ಲೆಕ್ಕ ನೋಡೋಣ. ಮೊದಲು ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಗೋನಿಯೋಮೀಟರ್ ಇಟ್ಟು ನೋಡುತ್ತಾರೆ. ನಮ್ಮ ಜಾಮಿಟ್ರಿ ಬಾಕ್ಸ್‌ನ ಕೋನಮಾಪಕಕ್ಕೆ ಎರಡು ಉದ್ದ ಪಟ್ಟಿ ಸೇರಿಸಿದಂತಿರುವ ಸಾಧನ ಅದು. ಆಮೇಲೆ ಸ್ನಾಯುವಿನ ಬಲ. ಅದಕ್ಕೆ 0ಯಿಂದ 5ರ ತನಕ ಗ್ರೇಡ್. ಮೂರನೆಯದು ಸ್ಥಿರತೆ. 2018ರ ಮಾರ್ಗಸೂಚಿಯಲ್ಲಿ ಇದಕ್ಕೆ ಒಂಬತ್ತು ಕೆಲಸಗಳ ಪಟ್ಟಿಯಿದೆ: ಸಮತಟ್ಟು ನೆಲದ ಮೇಲೆ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ನೋವಿರುವ ಕಾಲಿನ ಮೇಲೆ ಒಂಟಿಯಾಗಿ ನಿಲ್ಲುವುದು, ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಈ ಒಂಬತ್ತನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೋರ್ಡ್ ಮುಂದೆ ನಿಮ್ಮ ಮಾತು ಇದರ ಸುತ್ತ ಇರಬೇಕು.

ಹಾಗಾದರೆ ನೋವು ಲೆಕ್ಕಕ್ಕೇ ಇಲ್ವಾ? ಇದೆ, ಮೇಲೊಗ್ಗರಣೆಯ ಹಾಗೆ. ಅದೇ 2018ರ ಲೆಕ್ಕದಲ್ಲಿ ಕಾಲಿನ ನೋವು ಸ್ವಲ್ಪ ಮಾತ್ರ ಇದ್ದರೆ 3, ಮಧ್ಯಮವಾದರೆ 6, ಕೆಲಸಕ್ಕೇ ತೀವ್ರವಾಗಿ ಅಡ್ಡಿಯಾದರೆ 9 ಅಂಕ ಹೆಚ್ಚುವರಿ. ಆದರೆ ನೋವು, ಅಂಗ ಸೊಟ್ಟಗಾಗಿದ್ದು, ಸ್ಪರ್ಶ ಹೋಗಿದ್ದು ಹೀಗೆ ಎಲ್ಲ ಸೇರಿ 10ರ ಮೇಲೆ ಹೋಗುವಂತಿಲ್ಲ. ರಾತ್ರಿಯೆಲ್ಲ ನಿದ್ದೆಗೆಡಿಸುವ ನೋವಿಗೆ ಒಂಬತ್ತೇ ಅಂಕವಾ ಅಂತ ಸಿಟ್ಟು ಬರುವುದು ಸಹಜ. ನನಗೂ ಬಂದಿತ್ತು. ಈ ಕೋಷ್ಟಕ ನೋವಿನ ರೋಗಿಗಳಿಗೆ ನ್ಯಾಯ ಕೊಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಸದ್ಯಕ್ಕೆ ಆಟ ಆಡಬೇಕಿರುವುದು ಈ ನಿಯಮದಲ್ಲೇ.

ಎರಡು ಕಡೆ ತೊಂದರೆ ಇದ್ದರೆ ಸುಮ್ನೆ ಕೂಡಿಸುವುದಿಲ್ಲ. ಬೆನ್ನಿಗೆ 30, ಮಂಡಿಗೆ 20 ಬಂತು ಅಂದುಕೊಳ್ಳಿ. 50 ಆಗುವುದಿಲ್ಲ. ದೊಡ್ಡ ಅಂಕ 30ನ್ನು 90ರಿಂದ ಕಳೆದರೆ 60. ಅದನ್ನು ಸಣ್ಣ ಅಂಕ 20ರಿಂದ ಗುಣಿಸಿ 90ರಿಂದ ಭಾಗಿಸಿದರೆ 13 ಚಿಲ್ಲರೆ. ಅದನ್ನು 30ಕ್ಕೆ ಸೇರಿಸಿದರೆ ಸುಮಾರು 43. ನೋಡಿ, ಬೆನ್ನನ್ನು ಮಾತ್ರ ತೋರಿಸಿ ಬಂದಿದ್ದರೆ 30ಕ್ಕೇ ನಿಲ್ಲುತ್ತಿತ್ತು. ಮಂಡಿಯ ಎಕ್ಸ್‌ರೇ ಮನೆಯಲ್ಲೇ ಬಿಟ್ಟು ಹೋಗಬೇಡಿ.

40 ಪರ್ಸೆಂಟ್ ಅಂತ ಎಲ್ಲರೂ ಯಾಕೆ ಹೇಳುತ್ತಾರೆ?

ಪಿಂಚಣಿ, ಮೀಸಲಾತಿ, ತೆರಿಗೆ ವಿನಾಯಿತಿ, ಬಸ್ ಪಾಸ್ ಎಲ್ಲದರ ಗೆರೆ ಅಲ್ಲಿದೆ. ಕಾಯ್ದೆಯ ಪ್ರಕಾರ 40 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಈ ಸೌಲಭ್ಯಗಳಿಗೆ ಅರ್ಹ ಅಂಗವೈಕಲ್ಯ. ಕಡಿಮೆ ಬಂದವರಿಗೂ ಕಾರ್ಡ್ ಸಿಗುತ್ತದೆ, ಬಿಳಿ ಬಣ್ಣದ್ದು. 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ.

ಫೈಬ್ರೊಮಯಾಲ್ಜಿಯಾ ಇದೆ. ಎಲ್ಲ ರಿಪೋರ್ಟೂ ನಾರ್ಮಲ್. ನನಗೆ ದಾರಿ ಇದೆಯಾ?

ಫೈಬ್ರೊಮಯಾಲ್ಜಿಯಾ ಅಂದರೆ ಮೈತುಂಬ ನೋವು, ದಣಿವು ತರುವ ಕಾಯಿಲೆ. ದಾರಿ ಕಷ್ಟ. ಆಸೆ ಹುಟ್ಟಿಸಿ ಓಡಾಡಿಸುವುದು ಸರಿಯಲ್ಲ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. ಕೀಲು ಪೂರ್ತಿ ಮಡಚುತ್ತದೆ, ಸ್ನಾಯು ಬಲ 5ಕ್ಕೆ 5, ಎಂಆರ್‌ಐ ಸ್ವಚ್ಛ ಅಂದರೆ ಈಗಿನ ಕೋಷ್ಟಕದಲ್ಲಿ ಅಂಕ ಹಾಕಲು ಜಾಗವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ವರ್ಗೀಕರಣ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ದೀರ್ಘಕಾಲದ ನೋವನ್ನೇ ಒಂದು ಕಾಯಿಲೆಯಾಗಿ ಗುರುತಿಸಿದ್ದಾರೆ. ನಮ್ಮ ಅಂಗವೈಕಲ್ಯದ ಪಟ್ಟಿ ಮಾತ್ರ ಅಲ್ಲಿಯ ತನಕ ಬಂದಿಲ್ಲ.

ಆದರೂ ಎರಡು ವಿಷಯ ನೋಡಿ. ಒಂದು, ಫೈಬ್ರೊಮಯಾಲ್ಜಿಯಾ ಜೊತೆ ಬೇರೆ ಏನಾದರೂ ಇದೆಯಾ? ಸಂಧಿವಾತ ಇರುವವರಿಗೆ ಇದೂ ಬರುವುದುಂಟು. ಆಗ ಸಂಧಿವಾತದ ಮೇಲೆ ಅರ್ಜಿ. ಎರಡು, ವರ್ಷಗಟ್ಟಲೆ ನೋವಿನಿಂದ ಖಿನ್ನತೆಗೆ ಜಾರಿ ಮನೋವೈದ್ಯರ ಬಳಿ ಚಿಕಿತ್ಸೆಯಲ್ಲಿದ್ದರೆ, ಮಾನಸಿಕ ಅನಾರೋಗ್ಯ ಆ 21ರಲ್ಲಿ ಒಂದು. ಅದನ್ನು 'ಐಡಿಯಾಸ್' ಅನ್ನುವ ಮಾಪಕದಿಂದ ಅಳೆಯುತ್ತಾರೆ. ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತುಕತೆ, ಕೆಲಸ ಇವನ್ನು ಅದರಲ್ಲಿ ನೋಡುತ್ತಾರೆ. ನಿಜವಾಗಿ ಇದ್ದರೆ ಮಾತ್ರ ಈ ದಾರಿ. ಕಾರ್ಡಿಗಾಗಿ ಇಲ್ಲದ ಕಾಯಿಲೆ ಹೇಳಿಕೊಳ್ಳಬೇಡಿ.

ಅರ್ಜಿ ಎಲ್ಲಿ ಹಾಕಬೇಕು? ದುಡ್ಡೆಷ್ಟು?

ದುಡ್ಡಿಲ್ಲ. ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ, ಅಂದರೆ ಯುಡಿಐಡಿ (ವಿಶಿಷ್ಟ ಅಂಗವೈಕಲ್ಯ ಗುರುತಿನ ಚೀಟಿ) ವೆಬ್‌ಸೈಟಿನಲ್ಲಿ ಅರ್ಜಿ. ಪ್ರಮಾಣಪತ್ರಕ್ಕೂ ಕಾರ್ಡಿಗೂ ಇದೇ ಜಾಗ. 2021ರ ಜೂನ್‌ನಿಂದ ದೇಶಾದ್ಯಂತ ಪ್ರಮಾಣಪತ್ರ ಆನ್‌ಲೈನ್‌ನಲ್ಲೇ ಆಗಬೇಕು. ಆಧಾರ್, ಇತ್ತೀಚಿನ ಫೋಟೋ, ವಿಳಾಸದ ದಾಖಲೆ ಬೇಕು. ನಿಮ್ಮ ಜಿಲ್ಲೆಯ ಆಸ್ಪತ್ರೆಯನ್ನಾಗಲಿ, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯನ್ನಾಗಲಿ ಆರಿಸಬಹುದು.

ಮೊಬೈಲಿನಲ್ಲಿ ಆಗದಿದ್ದರೆ ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಪೂರ್ತಿ ಹೆಸರು. ಇವರೂ ವಿಕಲಚೇತನರೇ, ಈ ದಾರಿಯನ್ನು ತಾವೇ ನಡೆದವರು. ತಾಲ್ಲೂಕಿಗೊಬ್ಬರು ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯೂ (ನಗರ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಬೋರ್ಡ್ ವಾರದ ಯಾವ ದಿನ ಕೂರುತ್ತದೆ, ಮೂಳೆ ಡಾಕ್ಟರು ರಜೆಯಲ್ಲಿದ್ದಾರಾ ಅನ್ನುವುದು ವೆಬ್‌ಸೈಟಿಗಿಂತ ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಫೈಲ್‌ನಲ್ಲಿ ಏನೇನು ಇರಬೇಕು?

ದಪ್ಪ ಫೈಲ್ ಇದ್ದರೆ ಕೆಲಸ ಆಗುತ್ತದೆ ಅನ್ನುವುದು ಸುಳ್ಳು. ಬೋರ್ಡ್ ಮುಂದೆ ಸಿಗುವುದು ಕೆಲವೇ ನಿಮಿಷ. ಹಿಂದೆ ಸರತಿಯಲ್ಲಿ ಇನ್ನೂ ಜನ ಕಾಯುತ್ತಿರುತ್ತಾರೆ. ಮೇಲಿನ ನಾಲ್ಕು ಹಾಳೆಯಲ್ಲಿ ವಿಷಯ ಇರಬೇಕು, ಉಳಿದದ್ದು ಕೇಳಿದರೆ ತೋರಿಸಲು.

ಮೊದಲ ಹಾಳೆ ನಿಮ್ಮ ಡಾಕ್ಟರ ಪತ್ರ. 'ಇವರಿಗೆ ಸೊಂಟನೋವು ಇದೆ, ಚಿಕಿತ್ಸೆಯಲ್ಲಿದ್ದಾರೆ' ಅನ್ನುವ ಎರಡು ಸಾಲಿನಿಂದ ಏನೂ ಪ್ರಯೋಜನ ಇಲ್ಲ. ಕಾಯಿಲೆಯ ಪೂರ್ತಿ ಹೆಸರು, ಯಾವ ವರ್ಷದಿಂದ, ಏನೇನು ಚಿಕಿತ್ಸೆ ಆಯಿತು, ಅದರಿಂದ ಎಷ್ಟು ಗುಣ, ಕೀಲಿನ ಚಲನೆ ಎಷ್ಟು ಡಿಗ್ರಿಗೆ ಇಳಿದಿದೆ, ಸ್ನಾಯು ಬಲದ ಗ್ರೇಡ್ ಎಷ್ಟು, ಇನ್ನು ಸುಧಾರಿಸುವ ಸಾಧ್ಯತೆ ಇದೆಯಾ ಇಲ್ವಾ, ಇಷ್ಟು ಬರೆಸಿಕೊಳ್ಳಿ. ಹೊರರೋಗಿ ವಿಭಾಗದ ಗಲಾಟೆಯಲ್ಲಿ ಡಾಕ್ಟರಿಗೆ ಇದನ್ನೆಲ್ಲ ನೆನಪಿಸುವುದು ಮುಜುಗರ ಅನ್ನಿಸಬಹುದು. ಚೀಟಿಯಲ್ಲಿ ಬರೆದುಕೊಂಡು ಹೋಗಿ 'ಸರ್, ಬೋರ್ಡಿಗೆ ಇಷ್ಟು ವಿವರ ಬೇಕಂತೆ' ಅಂತ ಕೊಟ್ಟುಬಿಡಿ.

ಎರಡನೆಯದು ಎಕ್ಸ್‌ರೇ, ಎಂಆರ್‌ಐ, ನರದ ಪರೀಕ್ಷೆಯ ವರದಿಗಳು, ಹೊಸದು ಮೇಲೆ. ಫಿಲ್ಮ್ ಕೂಡ ಒಯ್ಯಿರಿ. ಮೂರನೆಯದು ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ, ಫಿಸಿಯೋಥೆರಪಿಯ ದಾಖಲೆ.

ನಾಲ್ಕನೆಯದು ಯಾರೂ ಕೇಳದಿದ್ದರೂ ನೀವೇ ಮಾಡಿಕೊಳ್ಳಬೇಕಾದದ್ದು: ದಿನಚರಿ. 'ತುಂಬಾ ನೋವು, ತಡೆಯಲಾಗದ ನೋವು' ಅಂತ ದಿನಾ ಬರೆದರೆ ಓದುವವರಿಗೆ ಏನೂ ಕಾಣಿಸುವುದಿಲ್ಲ. ಹೀಗೆ ಬರೆಯಿರಿ:

*ಸೋಮವಾರ. ಆರಕ್ಕೆ ಎಚ್ಚರ, ಹಾಸಿಗೆ ಬಿಟ್ಟು ಎದ್ದಾಗ ಆರು ಮುಕ್ಕಾಲು. ಬಿಂದಿಗೆ ಎತ್ತಲಾಗಲಿಲ್ಲ, ಮಗಳು ತಂದಳು. ಸ್ಟೂಲ್ ಮೇಲೆ ಕೂತು ಸ್ನಾನ. ಬಸ್ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಕೊಟ್ಟರು. ಚಪಾತಿ ಲಟ್ಟಿಸುವಾಗ ನಾಲ್ಕಕ್ಕೆ ನಿಲ್ಲಿಸಿದೆ. ಮಧ್ಯಾಹ್ನ ಎರಡು ಗಂಟೆ ಮಲಗಿದ್ದೆ.*

ಇದರಲ್ಲಿ ನೋವು ಅನ್ನುವ ಪದವೇ ಇಲ್ಲ. ಆದರೆ ಮೆಟ್ಟಿಲು, ಭಾರ, ನಿಲ್ಲುವುದು ಎಲ್ಲ ಇದೆ. ಚೆನ್ನಾಗಿದ್ದ ದಿನವನ್ನೂ ಬರೆಯಿರಿ, ಆಗಲೇ ನಂಬುವ ಹಾಗಿರುತ್ತದೆ. ಒಂದು ತಿಂಗಳು ಬರೆದು, ಅದರ ಸಾರಾಂಶವನ್ನು ಒಂದು ಪುಟಕ್ಕೆ ಇಳಿಸಿ ನಿಮ್ಮ ಡಾಕ್ಟರಿಗೆ ಮೊದಲೇ ತೋರಿಸಿ. ಅವರ ಪತ್ರದಲ್ಲಿ ಇದರ ಎರಡು ಸಾಲು ಬಂದರೆ, ಬೋರ್ಡಿನಲ್ಲಿ ಅದರ ತೂಕವೇ ಬೇರೆ.

ಬೋರ್ಡ್ ದಿನ ಮಾತ್ರೆ ತಗೊಂಡು ಹೋಗಬೇಕಾ, ಬಿಟ್ಟು ಹೋಗಬೇಕಾ?

ಇದನ್ನು ಕೇಳದವರೇ ಇಲ್ಲ. ದಿನಾ ತಗೊಳ್ಳುವ ಮಾತ್ರೆಯನ್ನು ಬಿಡಬೇಡಿ. ಕೆಲವು ಮಾತ್ರೆ ದಿಢೀರ್ ನಿಲ್ಲಿಸಿದರೆ ಮೈಗೆ ಅಪಾಯ. ಹಾಗೆಯೇ, ಆವತ್ತೊಂದು ದಿನ ಚೆನ್ನಾಗಿ ಓಡಾಡಲು ಅಂತ ಎರಡು ಮಾತ್ರೆ ಜಾಸ್ತಿ ನುಂಗಿಯೂ ಹೋಗಬೇಡಿ. ಏನು ತಗೊಂಡಿದ್ದೀರಿ, ಎಷ್ಟು ಹೊತ್ತಿಗೆ ಅಂತ ಡಾಕ್ಟರಿಗೆ ಹೇಳಿ.

ದಿನಾ ಬೆಲ್ಟ್, ವಾಕರ್, ಕೋಲು ಬಳಸುತ್ತಿದ್ದರೆ ಅದರ ಜೊತೆಗೇ ಹೋಗಿ. ಬಳಸದ ಕೋಲನ್ನು ನೆರೆಮನೆಯಿಂದ ತರಬೇಡಿ. ಕೋಲು ಹಿಡಿದ ಕೈ ನೋಡಿದರೇ ಅನುಭವಸ್ಥ ಡಾಕ್ಟರಿಗೆ ಗೊತ್ತಾಗುತ್ತದೆ. ಒಮ್ಮೆ ಹಾಗಾದರೆ ನಿಜ ಹೇಳಿದ್ದನ್ನೂ ನಂಬುವುದಿಲ್ಲ.

ನಮ್ಮವರಲ್ಲಿ ಇನ್ನೊಂದು ಅಭ್ಯಾಸ ಇದೆ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. 'ಹೇಗಿದ್ದೀರಿ ಅಮ್ಮಾ' ಅಂದರೆ 'ಪರವಾಗಿಲ್ಲ ಸಾರ್, ಹಂಗೂ ಹಿಂಗೂ ನಡೀತಿದೆ' ಅಂದುಬಿಡುತ್ತಾರೆ. ಡಾಕ್ಟರು ಅಷ್ಟನ್ನೇ ಬರೆದುಕೊಳ್ಳುತ್ತಾರೆ. 'ಮೆಟ್ಟಿಲು ಹತ್ತುತ್ತೀರಾ' ಅಂದರೆ 'ಹತ್ತುತ್ತೀನಿ' ಅಂತ ನಿಲ್ಲಿಸಬೇಡಿ. 'ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಅರ್ಧದಲ್ಲಿ ಕೂರಬೇಕು' ಅಂತ ಪೂರ್ತಿ ಹೇಳಿ. ಮನೆಯವರೊಬ್ಬರು ಜೊತೆಗಿದ್ದರೆ ಒಳ್ಳೆಯದು, ಆದರೆ ಮಾತು ನಿಮ್ಮದಿರಲಿ.

40ಕ್ಕಿಂತ ಕಡಿಮೆ ಕೊಟ್ಟರು, ಇಲ್ಲವೇ ತಿರಸ್ಕರಿಸಿದರು. ಮುಂದೇನು?

ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು ಅಂತ ನಿಯಮ ಇದೆ. ಬಾಯಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ. ಆ ಕಾರಣ ಓದಿದ ಮೇಲೆ ಯೋಚಿಸಿ: ದಾಖಲೆ ಕಡಿಮೆಯಾಯಿತಾ, ಒಂದು ಕೀಲನ್ನು ನೋಡಲೇ ಇಲ್ವಾ, ಕೂಡಿಸುವ ಸೂತ್ರ ಹಾಕಿಲ್ವಾ?

ಕಾಯ್ದೆಯ 59ನೇ ಸೆಕ್ಷನ್‌ ಪ್ರಕಾರ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು. ಯಾರಿಗೆ, ಯಾವ ಗಡುವಿನೊಳಗೆ ಅಂತ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಅದೇ ವಾರ ಕೇಳಿಕೊಳ್ಳಿ. ಮೇಲ್ಮನವಿಯಲ್ಲಿ 'ನನಗೆ ಅನ್ಯಾಯವಾಗಿದೆ' ಅಂತ ಎರಡು ಪುಟ ಬರೆಯುವುದಕ್ಕಿಂತ 'ಬಲ ಮಂಡಿಯ ಚಲನೆಯನ್ನು ಅಳೆದಿಲ್ಲ, ಎಕ್ಸ್‌ರೇ ಲಗತ್ತಿಸಿದೆ' ಅನ್ನುವ ಒಂದು ಸಾಲು ಕೆಲಸ ಮಾಡುತ್ತದೆ. ವಕೀಲರ ನೆರವು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಕಲಚೇತನರಿಗೂ ಮಹಿಳೆಯರಿಗೂ ಉಚಿತ. ಸಹಾಯವಾಣಿ 15100.

ಕಾಯಿಲೆ ಮುಂದುವರಿದು ಸ್ಥಿತಿ ನಿಜಕ್ಕೂ ಕೆಟ್ಟಿದ್ದರೆ ಮೇಲ್ಮನವಿಗಿಂತ ಹೊಸ ವರದಿಯೊಂದಿಗೆ ಮರುಪರೀಕ್ಷೆ ಕೇಳುವುದೇ ಸಲೀಸು.

ಪಿಂಚಣಿ ಎಷ್ಟು ಬರುತ್ತದೆ?

ಕೈತುಂಬ ಬರುವುದಿಲ್ಲ. ರಾಜ್ಯದ ಅಂಗವಿಕಲ ವೇತನ 40ರಿಂದ 74 ಪರ್ಸೆಂಟ್ ಇದ್ದವರಿಗೆ ತಿಂಗಳಿಗೆ 800 ರೂಪಾಯಿ, 75 ಮತ್ತು ಮೇಲಿದ್ದವರಿಗೆ 1,400. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ಬಯೋಲಾಜಿಕ್ ಅನ್ನುವ ದುಬಾರಿ ಇಂಜೆಕ್ಷನ್ ತಗೊಳ್ಳುವ ಸಂಧಿವಾತದ ರೋಗಿಗೆ ಈ ದುಡ್ಡು ಯಾವ ಮೂಲೆಗೆ ಸಾಕು? ಆದರೂ ಹಕ್ಕಿದ್ದವರು ಬಿಡಬೇಡಿ.

ಕಾರ್ಡ್ ಬಂದ ತಕ್ಷಣ ಪಿಂಚಣಿ ತಾನಾಗಿ ಶುರುವಾಗುತ್ತದೆ ಅಂದುಕೊಂಡು ಕೂತವರಿದ್ದಾರೆ. ಆಗುವುದಿಲ್ಲ. ಕಾರ್ಡ್ ಕೊಡುವುದು ಆಸ್ಪತ್ರೆ, ಪಿಂಚಣಿ ಕೊಡುವುದು ಕಂದಾಯ ಇಲಾಖೆ. ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಅಥವಾ ಅಂಚೆ ಖಾತೆ ಬೇಕು. 155245ಕ್ಕೆ ಫೋನ್ ಮಾಡಿಯೂ ಕೇಳಬಹುದು. ಬೇರೆ ರಾಜ್ಯದಲ್ಲಿ ನೆಲೆಸಿದ ಕನ್ನಡಿಗರಿಗೆ ಕಾರ್ಡ್ ದೇಶವೆಲ್ಲ ನಡೆಯುತ್ತದೆ, ಆದರೆ ಪಿಂಚಣಿ ಇರುವ ರಾಜ್ಯದ ನಿಯಮದಂತೆ.

ಬಸ್, ರೈಲು, ತೆರಿಗೆ?

ಕೆಎಸ್‌ಆರ್‌ಟಿಸಿಯಲ್ಲಿ ವಿಕಲಚೇತನರಿಗೆ ರಿಯಾಯಿತಿಯ ವಾರ್ಷಿಕ ಪಾಸ್ ಇದೆ, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಗೆ. ರೈಲಿನ ರಿಯಾಯಿತಿ ಬೇರೆ ಲೆಕ್ಕ. ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾಗದು ಅಂತ ಡಾಕ್ಟರು ರೈಲ್ವೆಯ ನಮೂನೆಯಲ್ಲೇ ಬರೆದುಕೊಡಬೇಕು, ಹಾಗಾಗಿ ನೋವಿನ ರೋಗಿಗಳಲ್ಲಿ ಹೆಚ್ಚಿನವರಿಗೆ ಸಿಗುವುದಿಲ್ಲ. ಆದಾಯ ತೆರಿಗೆ ಕಟ್ಟುವವರಿಗೆ 40ರಿಂದ 80ರೊಳಗಿದ್ದರೆ 75,000, 80 ಮತ್ತು ಮೇಲಿದ್ದರೆ 1,25,000 ರೂಪಾಯಿ ಕಡಿತ. ಹಳೇ ತೆರಿಗೆ ಪದ್ಧತಿ ಆರಿಸಿದವರಿಗೆ ಮಾತ್ರ.

ಕೆಲಸದಲ್ಲಿದ್ದೇನೆ. ಕಾರ್ಡ್ ತೋರಿಸಿದರೆ ಮನೆಗೆ ಕಳಿಸುತ್ತಾರಾ?

ಸರ್ಕಾರಿ ನೌಕರರನ್ನು ಕಳಿಸುವಂತಿಲ್ಲ. ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯುವುದು, ದರ್ಜೆ ಇಳಿಸುವುದು ತಪ್ಪು. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು.

ಖಾಸಗಿಯಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಮೊದಲು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ನೋಡಿಕೊಳ್ಳಿ. ಕಾರ್ಡಿಗಿಂತ ಬೇಗ ಕೈಗೆ ದುಡ್ಡು ಬರುವುದು ಅಲ್ಲಿಂದ, ಆದರೆ ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಸಾಮಾನ್ಯ ಕಾಯಿಲೆ ರಜೆಗೆ ಕೂಲಿಯ 70 ಪರ್ಸೆಂಟ್, ವರ್ಷಕ್ಕೆ 91 ದಿನದ ತನಕ. ಅದು ಮುಗಿದ ಮೇಲೂ, 34 ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದ್ದರೆ 80 ಪರ್ಸೆಂಟ್, ಎರಡು ವರ್ಷದ ತನಕ. ಆ ಪಟ್ಟಿಯಲ್ಲಿ ಬೆನ್ನಿನ ಡಿಸ್ಕ್ ಜಾರಿದ್ದು ಇದೆ, ಮೂಳೆ ಕೂಡದಿರುವುದೂ ಇದೆ. ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿದ್ದು, ಆ ಅವಧಿಯಲ್ಲಿ 156 ದಿನದ ವಂತಿಗೆ ಕಟ್ಟಿರಬೇಕು. ಹೊಲಿಗೆ ಮಿಷನ್ ಮುಂದೆ ದಿನಕ್ಕೆ ಎಂಟು ಗಂಟೆ ಬಗ್ಗಿ ಕೂತು ಡಿಸ್ಕ್ ಕೆಡಿಸಿಕೊಂಡ ಹೆಣ್ಣುಮಕ್ಕಳು ಸಂಬಳ ಇಲ್ಲದ ರಜೆ ಹಾಕಿ ಮನೆಯಲ್ಲಿ ಮಲಗುತ್ತಾರೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯಾ ಅಂತ ನೋಡಿ, ಇಎಸ್‌ಐ ಡಾಕ್ಟರ ಹತ್ತಿರವೇ ರಜೆ ಸರ್ಟಿಫಿಕೇಟ್ ತಗೊಳ್ಳಿ. ಹೊರಗಿನ ಕ್ಲಿನಿಕ್‌ನ ಚೀಟಿಯನ್ನು ಅಲ್ಲಿ ನೇರವಾಗಿ ಒಪ್ಪುವುದಿಲ್ಲ.

ಆಕ್ಸಿಡೆಂಟ್ ಆದ ಮೇಲೆ ಶುರುವಾದ ನೋವು. ಈ ಕಾರ್ಡೇ ಪರಿಹಾರಕ್ಕೂ ಆಗುತ್ತಾ?

ಮೋಟಾರು ಅಪಘಾತ ನ್ಯಾಯಮಂಡಳಿಯ ಕಣ್ಣು ಬೇರೆ. ಪರ್ಸೆಂಟ್ ಎಷ್ಟು ಅನ್ನುವುದಕ್ಕಿಂತ ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಮುಖ್ಯ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ವಿವರವಾಗಿ ಹೇಳಿದೆ. ಅದೇ ಕಾಲು ನೋವು ಗುಮಾಸ್ತರಿಗೆ ಒಂದು ಲೆಕ್ಕ, ಗಾರೆ ಕೆಲಸದವರಿಗೆ ಇನ್ನೊಂದು. ಕೇಸ್ ನಡೆಯುತ್ತಿದ್ದರೆ ವಕೀಲರ ಹತ್ತಿರ ಇದನ್ನು ಬಿಡಿಸಿ ಕೇಳಿ.

ಒಬ್ಬರು ಇಷ್ಟು ಕೊಟ್ಟರೆ 75 ಮಾಡಿಸಿಕೊಡುತ್ತೇನೆ ಅಂದರು...

ಬೇಡ. ಸುಳ್ಳು ಹೇಳಿ ಸೌಲಭ್ಯ ಪಡೆದರೆ 91ನೇ ಸೆಕ್ಷನ್‌ನಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಎರಡೂ ಆಗಬಹುದು. ದಲ್ಲಾಳಿಗೆ ಏನೂ ಆಗುವುದಿಲ್ಲ, ಅವನು ಮರುದಿನವೇ ಫೋನ್ ನಂಬರ್ ಬದಲಿಸಿರುತ್ತಾನೆ.

'ನೋಡೋಕೆ ಚೆನ್ನಾಗೇ ಇದ್ದೀರಲ್ಲ' ಅನ್ನುವವರಿಗೆ ಏನು ಹೇಳುವುದು?

ಬಸ್ಸಿನಲ್ಲಿ ಕಂಡಕ್ಟರ್‌ಗೆ ಕಾರ್ಡ್ ತೋರಿಸಿ, ಅಷ್ಟೇ ಸಾಕು. ನೆಂಟರಿಗೆ ವಿವರಣೆ ಕೊಡುವ ಕೆಲಸವನ್ನು ನಾನಂತೂ ಬಿಟ್ಟು ಬಹಳ ಕಾಲವಾಯಿತು.

ಕಾರ್ಡಿನಲ್ಲಿ 'ತಾತ್ಕಾಲಿಕ' ಅಂತ ಇದೆ. ಏನರ್ಥ?

ಸ್ಥಿತಿ ಬದಲಾಗಬಹುದು ಅಂತ ಡಾಕ್ಟರಿಗೆ ಅನ್ನಿಸಿದರೆ ಅವಧಿ ಹಾಕಿ ಕೊಡುತ್ತಾರೆ. ನೋವಿನ ಕಾಯಿಲೆಗಳಲ್ಲಿ ಇದು ಮಾಮೂಲು, ಬೇಜಾರಾಗಬೇಡಿ. ಮುಗಿಯುವ ದಿನಾಂಕಕ್ಕೆ ಮೂರ್ನಾಲ್ಕು ತಿಂಗಳು ಮುಂಚೆಯೇ ನವೀಕರಣಕ್ಕೆ ಹಾಕಿ, ಯಾಕಂದರೆ ಅರ್ಜಿ ತೀರ್ಮಾನಕ್ಕೆ ನಿಯಮದಲ್ಲೇ ಮೂರು ತಿಂಗಳ ಕಾಲಾವಕಾಶ ಇದೆ. ನಡುವೆ ಅವಧಿ ಮುಗಿದರೆ ಪಿಂಚಣಿ ನಿಲ್ಲಬಹುದು. ಹಳೇ ಪ್ರಮಾಣಪತ್ರ, ಹಿಂದಿನ ಸಲದ ಫೈಲ್, ಆ ಮೇಲೆ ಆದ ಹೊಸ ವರದಿಗಳು ಮೂರೂ ಜೊತೆಗಿರಲಿ. ಹಿಂದಿನ ಸಲ ನೋಡಿದ ಡಾಕ್ಟರೇ ಇರುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ, ವರ್ಗಾವಣೆ ಆಗಿರುತ್ತದೆ.